ಸಪ್ತಾಪುರದ ಗೂಡುಗಳು

ಗೆಳೆಯ ಬಸು,

ತಂಗಿಯ ಮಗಳನ್ನು ನೋಡಲು ಧಾರವಾಡಕ್ಕೆ ಹೋಗಿದ್ದೆ. ಸಪ್ತಾಪುರದಲ್ಲಿ ಪಿಜಿ ಹಿಡಿದು ಪಿಡಿಒ, ಅಂದರೆ ಪಂಚಾಯಿತಿ ಅಭಿವೃದ್ಧಿ ಅಧಿಕಾರಿ ಪರೀಕ್ಷೆಗೆ ಓದುತ್ತಿದ್ದಾಳೆ. ಅಲ್ಲಿಗೆ ಈಗ ಹೋದರೆ ನಿನಗೆ ಗುರುತೇ ಹತ್ತುವುದಿಲ್ಲ ಬಿಡು. ಎಲ್ಲಿ ನೋಡಿದರೂ ಕೋಚಿಂಗ್ ಬೋರ್ಡು, ಖಾನಾವಳಿ, ಮಹಡಿ ಮೇಲೆ ರೀಡಿಂಗ್ ರೂಮು. ಒಳಗೆ ಹಲಗೆ ಹೊಡೆದು ಮಾಡಿದ ಗೂಡುಗಳು. ಗೂಡಿಗೊಂದು ನಂಬರು, ಒಂದು ಲೈಟು, ಒಂದು ಚಾರ್ಜಿಂಗ್ ಪಾಯಿಂಟು. ಎಲ್ಲರ ಕಿವಿಯಲ್ಲೂ ಇಯರ್‌ಫೋನ್, ಮುಂದೆ ಯೂಟ್ಯೂಬ್ ಕ್ಲಾಸು.

"ಪಕ್ಕದವಳು ಯಾವ ಊರಿನವಳು?" ಅಂತ ಕೇಳಿದೆ.

"ಗೊತ್ತಿಲ್ಲ ಮಾಮಾ. ಮಾತಾಡಿಸಿಲ್ಲ."

ನಮ್ಮ ಕಾಲದಲ್ಲಿ ಇತಿಹಾಸದ ನೋಟ್ಸ್ ನಿನ್ನ ಹತ್ತಿರ, ಅರ್ಥಶಾಸ್ತ್ರದ್ದು ನನ್ನ ಹತ್ತಿರ. ನೋಟ್ಸ್ ಬೇಕೆಂದರೆ ನಿನಗೆ ಚಹಾ ಕುಡಿಸಬೇಕು, ನಿಮ್ಮೂರ ಜಾತ್ರೆ ಕಥೆ ಕೇಳಬೇಕು, ಜೆರಾಕ್ಸ್ ಮಾಡಿಸಿ ವಾಪಸ್ ಕೊಡಲು ಮತ್ತೆ ಬರಬೇಕು. ಅರ್ಧ ದೋಸ್ತಿ ಬೆಳೆದದ್ದೇ ಈ ಓಡಾಟದಲ್ಲಿ, ಅಲ್ವಾ? ಈಗ ಟೆಲಿಗ್ರಾಂ ಗ್ರೂಪಿಗೆ ಸೇರಿದರೆ ಪಿಡಿಎಫ್ ತಾನಾಗೇ ಬಂದು ಬೀಳುತ್ತದೆ. ಯಾರ ಹಂಗೂ ಇಲ್ಲ. ಫೋನು ಹುಡುಗರನ್ನು ಹಾಳು ಮಾಡಿತು ಅಂತ ಜನ ಸುಮ್ನೆ ಗೊಣಗುತ್ತಾರೆ. ನನಗೆ ಕಾಣುವುದು ಬೇರೆ. ಒಬ್ಬರಿಗೊಬ್ಬರು ಬೇಕಾಗುವ ಪ್ರಸಂಗವೇ ಕಡಿಮೆಯಾಗಿದೆ.

ಹಾಗಂತ ಹಳೇದೇ ಚೆಂದ ಅನ್ನುವವನು ನಾನಲ್ಲ. ನೋಟ್ಸ್ ಕೇಳಿಕೊಂಡು ಒಬ್ಬ ಹುಡುಗಿ ನಮ್ಮ ರೂಮಿಗೆ ಬರುವ ಹಾಗಿತ್ತಾ? 2016ರಲ್ಲಿ ಜಿಯೊ ಬಂದು ಡೇಟಾ ಅಗ್ಗವಾಗದೇ ಇದ್ದಿದ್ದರೆ ಇವಳು ವಿಡಿಯೊ ಪಾಠ ಎಲ್ಲಿಂದ ಕೇಳಬೇಕಿತ್ತು? ಡಿಗ್ರಿ ಮುಗಿದ ಮೇಲೆ ಊರಲ್ಲೇ, ದನದ ಕೊಟ್ಟಿಗೆ ಕೆಲಸ ಮುಗಿಸಿ, ಫೋನಿನಲ್ಲೇ ಓದಿದಳು. ಅವಳ ಹಟ ನೋಡಿಯೇ ಅಪ್ಪ ಧಾರವಾಡಕ್ಕೆ ಕಳಿಸಿದ್ದು.

ಇನ್ನೊಂದು ಕೇಳು. ರಾಯಚೂರು ಕಡೆಯ ಒಬ್ಬಳು ಇವಳ ಜೀವದ ಗೆಳತಿಯಂತೆ. ಟೆಸ್ಟ್ ಗ್ರೂಪಿನಲ್ಲಿ ಪರಿಚಯ, ಮುಖ ನೋಡಿಲ್ಲ. ರಾತ್ರಿ ಇಬ್ಬರೂ ವಾಯ್ಸ್ ಮೆಸೇಜಿನಲ್ಲೇ ಒಬ್ಬರಿಗೊಬ್ಬರು ಪ್ರಶ್ನೆ ಕೇಳುತ್ತಾರೆ. ಅವಳ ತಾಯಿಯ ಆಪರೇಷನ್ ಯಾವಾಗ, ಅಣ್ಣನ ಮದುವೆ ಯಾಕೆ ಮುಂದೆ ಹೋಯಿತು, ಎಲ್ಲ ಇವಳಿಗೆ ಗೊತ್ತು. ಪಕ್ಕದ ಗೂಡಿನವಳ ಹೆಸರು ಮಾತ್ರ ಗೊತ್ತಿಲ್ಲ!

ಚಾಟ್‌ಜಿಪಿಟಿಯನ್ನೂ ಕೇಳುತ್ತಾಳೆ. "ದಡ್ಡ ಪ್ರಶ್ನೆ ಕೇಳಿದರೂ ನಗೋದಿಲ್ಲ ಮಾಮಾ" ಅಂದಳು. ಅದು ದೊಡ್ಡ ಮಾತೇ. ನಾವು ಮೇಷ್ಟ್ರ ಬೈಗುಳಕ್ಕೆ ಹೆದರಿ ನುಂಗಿಕೊಂಡ ಪ್ರಶ್ನೆ ಎಷ್ಟಿಲ್ಲ? ಆದರೆ ಅದು ತಪ್ಪು ಉತ್ತರವನ್ನೂ ಅಷ್ಟೇ ಗತ್ತಿನಿಂದ ಹೇಳುತ್ತದೆ, ಎಚ್ಚರ ಅಂದೆ. ತಲೆ ಆಡಿಸಿದಳು.

ಈಗ ವಿಷಯಕ್ಕೆ ಬರುತ್ತೇನೆ. 1993ರ ಪಂಚಾಯತ್ ರಾಜ್ ಕಾಯ್ದೆ ಇವಳಿಗೆ ಬಾಯಿಪಾಠ. ಗ್ರಾಮಸಭೆ ನಿಜಕ್ಕೂ ಹೇಗೆ ನಡೆಯುತ್ತದೆ, ಕೋರಂಗೆ ಬೇಕಾದಷ್ಟು ಜನ ಸೇರದಿದ್ದರೆ ಏನಾಗುತ್ತದೆ, ಒಂದೂ ಕಂಡಿಲ್ಲ. ನೀನು ಇಷ್ಟು ವರ್ಷ ಪಂಚಾಯಿತಿಯಲ್ಲಿ ದುಡಿದವನು. ಒಂದು ಭಾನುವಾರ ಹೇಳಿಕೊಡು. ನಿನ್ನ ನಂಬರು ಕೊಟ್ಟಿದ್ದೇನೆ. ಮೊದಲು "ಕಾಲ್ ಮಾಡಬಹುದಾ ಅಂಕಲ್?" ಅಂತ ಮೆಸೇಜ್ ಹಾಕುತ್ತಾಳೆ. ವಾಟ್ಸಾಪ್ ನೋಡದೇ ಬಿಡುವ ನಿನ್ನ ಚಾಳಿ ನನಗೆ ಗೊತ್ತು, ಅದಕ್ಕೇ ಇಷ್ಟು ಬರೆದೆ.

ನಿನ್ನ,
ಶಂಕರ