ಕಥೆ, ಕವನ ಕಳಿಸುವವರಿಗೆ ಒಂದು ಮಾತು

ಎಲ್ಲರಿಗೂ ನಮಸ್ಕಾರ. "ಬರೆದಿದ್ದೀನಿ, ಎಲ್ಲಿಗೆ ಕಳಿಸಲಿ?" ಅಂತ ಈ ವಾರ ನಮ್ಮ ಗುಂಪಿನ ಮೂವರು ಕೇಳಿದ್ದಾರೆ. ಅದಕ್ಕೇ ಇಲ್ಲೇ ಹೇಳಿಬಿಡುತ್ತೇನೆ.

ಸಣ್ಣಕಥೆ ಇದ್ದರೆ ಮಯೂರ, ತುಷಾರ, ಸುಧಾ, ತರಂಗ ನೋಡಿ. ಕಳಿಸುವ ಮೊದಲು ಎರಡು ಸಂಚಿಕೆ ಓದಿ, ಸುಮ್ನೆ ತಿರುವಿ ಹಾಕಿದರೆ ಸಾಲದು. ಎಷ್ಟು ಪದದ ಕಥೆ ಹಾಕುತ್ತಾರೆ ಅನ್ನೋದು ಆಗಲೇ ಗೊತ್ತಾಗೋದು. ಪ್ರಜಾವಾಣಿಯ ದೀಪಾವಳಿ ಕಥಾಸ್ಪರ್ಧೆಯ ಪ್ರಕಟಣೆ ಹಬ್ಬಕ್ಕೆ ತಿಂಗಳುಗಟ್ಟಲೆ ಮುಂಚೆಯೇ ಬರುತ್ತದೆ. ಪಟಾಕಿ ತರುವಾಗ ನೆನಪಾದರೆ ಪ್ರಯೋಜನವಿಲ್ಲ! ಆನ್‌ಲೈನ್‌ನಲ್ಲಿ ಕೆಂಡಸಂಪಿಗೆ ಅನ್ನೋ ಸಾಹಿತ್ಯ ಪತ್ರಿಕೆ ಇದೆ. ಪ್ರತಿಲಿಪಿ ಆ್ಯಪ್‌ನಲ್ಲಿ ನಿಮ್ಮ ಕಥೆ ನೀವೇ ಹಾಕಬಹುದು. ಆದರೆ ಒಮ್ಮೆ ಅಲ್ಲಿ ಹಾಕಿದ ಕಥೆಯನ್ನು 'ಅಪ್ರಕಟಿತ' ಅಂತ ಪತ್ರಿಕೆಗೆ ಕಳಿಸಬೇಡಿ. ಫೇಸ್‌ಬುಕ್ ಗೋಡೆಯೂ ಪ್ರಕಟಣೆಯೇ, ಅಲ್ವಾ?

ಯೂನಿಕೋಡ್‌ನಲ್ಲೇ (ಯಾವ ಫೋನು, ಕಂಪ್ಯೂಟರಿನಲ್ಲೂ ಕನ್ನಡವಾಗಿಯೇ ಕಾಣುವ ಅಕ್ಷರ ವ್ಯವಸ್ಥೆ) ಟೈಪ್ ಮಾಡಿ. ನಾನೊಮ್ಮೆ 'ನುಡಿ' ತಂತ್ರಾಂಶದ ಹಳೇ ಫಾಂಟಿನಲ್ಲಿ ಕಳಿಸಿದ್ದೆ. ಪತ್ರಿಕೆಯವರು ತೆರೆದಾಗ ಹನ್ನೆರಡು ಪುಟವೂ ಇಂಗ್ಲಿಷ್ ಅಕ್ಷರಗಳ ಚಿತ್ರಾನ್ನ. ನೋಟ್‌ಬುಕ್ಕಿನ ಫೋಟೋ ಅಂತೂ ಬೇಡವೇ ಬೇಡ.

ಮೊದಲ ಪುಸ್ತಕದ ಹಸ್ತಪ್ರತಿ ಸಿದ್ಧವಿರುವ ಯುವಕರು ಕನ್ನಡ ಪುಸ್ತಕ ಪ್ರಾಧಿಕಾರದ ಚೊಚ್ಚಲ ಕೃತಿ ಪ್ರೋತ್ಸಾಹಧನದ ಪ್ರಕಟಣೆ ಗಮನಿಸುತ್ತಿರಿ. ವಯಸ್ಸಿನ ಮಿತಿ ಇದೆ, ಓದಿಕೊಂಡೇ ಅರ್ಜಿ ಹಾಕಿ.

ಯಾರದ್ದಾದರೂ ಅಚ್ಚಾದರೆ ಪುಟದ ಫೋಟೋ ಇಲ್ಲಿ ಹಾಕಿ. ಶುಭೋದಯದ ಹೂವಿನ ಚಿತ್ರ ಹಾಕಿದ್ದು ಇನ್ನು ಸಾಕು.