ಶನಿವಾರ ಆರ್ಕಸ್ ದ್ವೀಪಕ್ಕೆ: ದಿಮ್ಮಿ ಮನೆಗಳ ಬಗ್ಗೆ

ಎಲ್ಲರಿಗೂ ನಮಸ್ಕಾರ. ಶನಿವಾರ ಅಮೆರಿಕದ ವಾಷಿಂಗ್ಟನ್ ರಾಜ್ಯದ ಅನಕೋರ್ಟೆಸ್ ಊರಿನಿಂದ ಆರ್ಕಸ್ ದ್ವೀಪಕ್ಕೆ ಫೆರ್ರಿ ಹಿಡಿಯುತ್ತೇವೆ. ಕಾರು ತರುವವರು ಜಾಗ ಮೊದಲೇ ಬುಕ್ ಮಾಡಿ, ಆಮೇಲೆ ನನ್ನನ್ನು ಬೈಬೇಡಿ.

ದ್ವೀಪದ ಈಸ್ಟ್‌ಸೌಂಡ್ ಊರಿನ ಮ್ಯೂಸಿಯಂ ತಪ್ಪದೆ ನೋಡಬೇಕು. ಅದು ಒಂದೇ ಕಟ್ಟಡ ಅಲ್ಲ. 19ನೇ ಶತಮಾನದ ಕೊನೆಯಲ್ಲಿ ನೆಲೆಸಲು ಬಂದವರು ಕಟ್ಟಿಕೊಂಡಿದ್ದ ಆರು ಮರದ ಮನೆಗಳನ್ನು ದ್ವೀಪದ ಬೇರೆಬೇರೆ ಕಡೆಯಿಂದ ಬಿಚ್ಚಿ ತಂದು, ಊರಿನವರೇ ಮತ್ತೆ ಜೋಡಿಸಿದ್ದಾರೆ. ಮೂಲೆಯಲ್ಲಿ ದಿಮ್ಮಿಗಳನ್ನು ಕೊರೆದು ಒಂದರ ಮೇಲೊಂದು ಕೂರಿಸಿದ್ದರೆ ಹಾಗೆ ಬಿಚ್ಚಬಹುದು. ಇಟ್ಟಿಗೆ ಗೋಡೆಗೆ ಆಗುತ್ತಾ?

ನೆಲದ ಹತ್ತಿರದ ದಿಮ್ಮಿಗಳನ್ನು ಗಮನಿಸಿ. ತೇವ ನಿಂತರೆ ಮೊದಲು ಕೊಳೆಯುವುದು ಅವೇ. ಮಕ್ಕಳಿಗೂ ಹೇಳಿ, ಸಂದಿಗೆ ಮೆತ್ತಿದ್ದನ್ನು ಸುಮ್ನೆ ಕೆರೆಯಬಾರದು.

ಬರುವವರು ಗುರುವಾರದೊಳಗೆ ಇಲ್ಲೇ ಹೆಸರು ಹಾಕಿ. ಬುತ್ತಿ ಅವರವರದೇ.