ಟನ್ ಲೆಕ್ಕ ಸರಿ, ಜೇಬಿನ ಲೆಕ್ಕ?

ಮಾನ್ಯ ಸಂಪಾದಕರೇ,

ಹಣ್ಣು-ತರಕಾರಿ ಬೆಳೆ ಹೆಚ್ಚಿದೆ, ರೈತನ ಆದಾಯವೂ ಹೆಚ್ಚಿದೆ ಅಂತ ಭಾಷಣಗಳಲ್ಲಿ ಒಂದೇ ಉಸಿರಿಗೆ ಹೇಳಿಬಿಡುತ್ತಾರೆ. ಮೊದಲನೆಯದು ನಿಜ. ದೇಶದ ತೋಟಗಾರಿಕೆ ಬೆಳೆ 2012–13ರಲ್ಲೇ ತೂಕದಲ್ಲಿ ಆಹಾರಧಾನ್ಯವನ್ನು ದಾಟಿತು. ನಮ್ಮ ಕೋಲಾರದ ಕಡೆಯೂ ರಾಗಿ ಹೊಲಗಳಲ್ಲಿ ಈಗ ತರಕಾರಿಗೆ ಡ್ರಿಪ್ ಪೈಪು, ಮಣ್ಣಿಗೆ ಹೊದಿಸುವ ಮಲ್ಚಿಂಗ್ ಶೀಟು. ಎರಡನೆಯ ಮಾತಿಗೆ ಮಾತ್ರ ನನ್ನ ಲೆಕ್ಕ ಒಪ್ಪುತ್ತಿಲ್ಲ.

ಹೋದ ಬೇಸಿಗೆಯಲ್ಲಿ ಒಂದು ದಿನ 84 ಬಾಕ್ಸ್ ಟೊಮೆಟೊ ಮಂಡಿಗೆ ಹಾಕಿದೆ. 15 ಕೆ.ಜಿ. ಬಾಕ್ಸು 70 ರೂಪಾಯಿಗೆ ಹರಾಜಾಯಿತು. ಕೀಳುವ ಕೂಲಿ 1,800, ಟೆಂಪೊಗೆ 1,260, ಕಮಿಷನ್ 588. ಕೈಗೆ ಬಂದದ್ದು ಎರಡು ಸಾವಿರದ ಚಿಲ್ಲರೆ. ಸಸಿ, ಗಿಡಕ್ಕೆ ಆಸರೆ ಕೊಡುವ ನೀಲಗಿರಿ ಕಡ್ಡಿ, ದಾರದ ಖರ್ಚು ಇನ್ನೂ ಲೆಕ್ಕಕ್ಕೇ ಬಂದಿಲ್ಲ. ಔಷಧಿ ಅಂಗಡಿಯ ಬಾಕಿಯಂತೂ ಕೇಳಬೇಡಿ. ಮುಂದಿನ ಕೊಯ್ಲಿಗೆ ಆಳು ಕರೆಯಲಿಲ್ಲ, ಹೊಲಕ್ಕೆ ಮೇಕೆ ಬಿಟ್ಟೆ. ಅದೇ ವಾರ ಬೆಂಗಳೂರಿನಲ್ಲಿ ಮಗಳು ಕೆ.ಜಿ.ಗೆ 25 ಕೊಟ್ಟು ತಂದಿದ್ದಳು. ಗ್ರಾಹಕರು ಕೊಡುವ ಒಂದು ರೂಪಾಯಿಯಲ್ಲಿ ಟೊಮೆಟೊ ರೈತನಿಗೆ ಸಿಗುವುದು ಸುಮಾರು 33 ಪೈಸೆ ಅಂತ ರಿಸರ್ವ್ ಬ್ಯಾಂಕಿನ 2024ರ ಅಧ್ಯಯನ ಹೇಳಿತ್ತು. ನನಗೆ ಖರ್ಚು ಕಳೆಯುವ ಮೊದಲೇ 20 ಪೈಸೆಯೂ ಇರಲಿಲ್ಲ.

2023ರ ಜುಲೈನಲ್ಲಿ ಬಾಕ್ಸು 2,000 ದಾಟಿರಲಿಲ್ಲವಾ ಅಂತ ಪೇಟೆಯವರು ಕೇಳುತ್ತಾರೆ. ದಾಟಿತ್ತು. ಟಿ.ವಿ.ಯವರು ಕ್ಯಾಮೆರಾ ಹಿಡಿದು ಬಂದಿದ್ದರು. ಆದರೆ ಆಗ ಎಲೆ ಮುದುರು ರೋಗ ಬಂದು ನನ್ನ ಹೊಲದಲ್ಲಿ ಕಾಯೇ ಇರಲಿಲ್ಲ. ಎಷ್ಟೋ ಜನರ ಬೆಳೆ ಹೋದದ್ದಕ್ಕೇ ಅಲ್ವಾ ಬೆಲೆ ಅಷ್ಟು ಏರಿದ್ದು? ರಾಗಿ ಬೆಲೆ ಬಿದ್ದರೆ ಮನೆಯಲ್ಲಿ ಮುದ್ದೆಗಾದರೂ ಆಗುತ್ತಿತ್ತು. ಟೊಮೆಟೊ ಎಷ್ಟು ದಿನ ಇಟ್ಟುಕೊಳ್ಳೋದು?

ನಮ್ಮಿಂದಲೂ ತರಕಾರಿ ತರಿಸಿಕೊಳ್ಳುವ ಕೇರಳ 2020ರಲ್ಲೇ 16 ಬೆಳೆಗಳಿಗೆ ಮೂಲಬೆಲೆ, ಅಂದರೆ ಪೇಟೆ ದರ ಬಿದ್ದರೂ ರೈತನಿಗೆ ಸಿಗಬೇಕಾದ ಕನಿಷ್ಠ ಬೆಲೆ, ಕಟ್ಟಿತು. ಉತ್ಪಾದನಾ ಖರ್ಚಿನ ಮೇಲೆ ಶೇ 20 ಸೇರಿಸಿ. ಅದರಲ್ಲೂ ಕುಂದುಕೊರತೆ ಇದ್ದೀತು, ಆದರೆ ರೈತನ ಖರ್ಚನ್ನು ಲೆಕ್ಕಕ್ಕೆ ತೆಗೆದುಕೊಂಡರಲ್ಲ. ನಮ್ಮ ಸರ್ಕಾರ ಟೊಮೆಟೊ ಒಂದಕ್ಕಾದರೂ ಹೀಗೆ ಮಾಡಲಿ. ಎಷ್ಟು ಟನ್ ಬೆಳೆದೆವು ಅಂತ ಪ್ರಕಟಿಸುವಾಗ, ಖರ್ಚು ಕಳೆದು ಎಕರೆಗೆ ಎಷ್ಟು ಉಳಿಯಿತು ಅನ್ನುವುದನ್ನೂ ಪಕ್ಕದಲ್ಲೇ ಹಾಕಲಿ.

ಈ ಸಲದ ಸಸಿ ನಾಟಿ ಮಾಡಿ ಹತ್ತು ದಿನವಾಯಿತು. ಕೊಯ್ಲಿಗೆ ಇನ್ನೂ ಎರಡು ತಿಂಗಳಿದೆ.

– ಒಬ್ಬ ಟೊಮೆಟೊ ಬೆಳೆಗಾರ, ಕೋಲಾರ